ಚರ್ಮದ ಮೇಲಿನ ಸಣ್ಣ ಬಿಳಿ ಮಚ್ಚೆಗಳು: ಸಾಮಾನ್ಯ ಕಾರಣಗಳು, ಗುರುತಿಸುವ ಬಗೆ

ಮೈಮೇಲೆ ಸಣ್ಣದೊಂದು ಬಿಳಿ ಮಚ್ಚೆ ಕಂಡರೆ ಸಾಕು, ಮನೆಯವರ ಮನಸ್ಸಿಗೆ ಮೊದಲು ಬರುವುದು ತೊನ್ನಿನ ಭಯ. ಮದುವೆಯ ವಯಸ್ಸಿನ ಮಗನಿಗೋ ಮಗಳಿಗೋ ಕಂಡರಂತೂ ಅದನ್ನು ಮುಚ್ಚಿಡುವ ಪ್ರಯತ್ನ ಅಂದಿನಿಂದಲೇ ಶುರುವಾಗುತ್ತದೆ. ವೈದ್ಯರಿಗೆ ತೋರಿಸುವ ಮೊದಲೇ ಮೊಸರು, ಹುಣಸೆ, ನಿಂಬೆ ಎಲ್ಲ ನಿಲ್ಲುತ್ತವೆ. ಯಾರೋ ಹೇಳಿದ ಮುಲಾಮು ಮನೆಗೆ ಬರುತ್ತದೆ. ಹೀಗೆ ಆರು ತಿಂಗಳು, ವರ್ಷ ಕಳೆದುಹೋಗುತ್ತದೆ.

ಬಿಳಿ ಮಚ್ಚೆ ಎಂಬ ಹೆಸರಿನ ಒಂದೇ ರೋಗ ಇಲ್ಲ. ಹಲವು ಕಾರಣಗಳಿಂದ ಚರ್ಮದ ಮೇಲೆ ಕಾಣಿಸಿಕೊಳ್ಳುವ ಗುರುತು ಅದು. ಆ ಕಾರಣಗಳಲ್ಲಿ ಹೆಚ್ಚಿನವು ನಿರುಪದ್ರವಿ. ಕೆಲವಕ್ಕೆ ಔಷಧಿ ಬೇಕು. ಮುಟ್ಟಿದರೆ ಸ್ಪರ್ಶ ತಿಳಿಯದ ಮಚ್ಚೆಯ ವಿಷಯದಲ್ಲಿ ಮಾತ್ರ ಒಂದು ವಾರವೂ ಕಾಯಬಾರದು. ಯಾವುದು ಯಾವುದೆಂದು ಸ್ಥೂಲವಾಗಿ ತಿಳಿದಿದ್ದರೆ ಅನಗತ್ಯ ಭಯವೂ ತಪ್ಪುತ್ತದೆ, ಅಪಾಯದ ವಿಳಂಬವೂ ತಪ್ಪುತ್ತದೆ.

ಬಣ್ಣ ಕಡಿಮೆಯಾಗುವುದು ಏಕೆ

ಚರ್ಮಕ್ಕೆ ಬಣ್ಣ ಕೊಡುವ ವಸ್ತುವಿನ ಹೆಸರು ಮೆಲನಿನ್. ಚರ್ಮದ ಮೇಲ್ಪದರದ ತಳದಲ್ಲಿರುವ ಮೆಲನೋಸೈಟ್ ಎಂಬ ಕೋಶಗಳು ಇದನ್ನು ತಯಾರಿಸಿ ಸುತ್ತಲಿನ ಕೋಶಗಳಿಗೆ ಹಂಚುತ್ತವೆ. ಈ ತಯಾರಿ ಅಥವಾ ಹಂಚಿಕೆ ಒಂದು ಜಾಗದಲ್ಲಿ ಕುಗ್ಗಿದರೆ ಅಲ್ಲಿ ಮಸುಕು ಬಿಳಿ ಮಚ್ಚೆ ಕಾಣುತ್ತದೆ. ಬಣ್ಣ ತಯಾರಿಸುವ ಕೋಶಗಳೇ ನಾಶವಾದರೆ ಸುಣ್ಣದಂತಹ ಅಚ್ಚ ಬಿಳಿ ಮಚ್ಚೆ ಕಾಣುತ್ತದೆ. ಮಸುಕು ಬಿಳಿ ಮತ್ತು ಅಚ್ಚ ಬಿಳಿ, ಈ ಎರಡರ ವ್ಯತ್ಯಾಸ ಕಾರಣವನ್ನು ಗುರುತಿಸಲು ತುಂಬ ನೆರವಾಗುತ್ತದೆ.

ಇನ್ನೂ ಒಂದು ಮಾತು. ಭಾರತೀಯರ ಚರ್ಮದ ಕಂದು ಬಣ್ಣದ ಮೇಲೆ ಸ್ವಲ್ಪ ಬಣ್ಣ ಕಡಿಮೆಯಾದರೂ ಎದ್ದು ಕಾಣುತ್ತದೆ. ಬೇಸಿಗೆಯಲ್ಲಿ ಸುತ್ತಲಿನ ಚರ್ಮ ಕಪ್ಪಾದಾಗ ಹಳೆಯ ಮಚ್ಚೆಯೇ ಹೊಸದಾಗಿ ಹುಟ್ಟಿದಂತೆ ತೋರುತ್ತದೆ.

ಮನೆಯಲ್ಲೇ ಗಮನಿಸಬೇಕಾದ ಆರು ಅಂಶಗಳು

ಹಗಲಿನ ಬೆಳಕಿನಲ್ಲಿ ನಿಧಾನವಾಗಿ ನೋಡಿ ಈ ಕೆಳಗಿನವುಗಳನ್ನು ಗುರುತು ಹಾಕಿಕೊಳ್ಳಬೇಕು.

1. ಯಾವಾಗಿನಿಂದ ಇದೆ: ಹುಟ್ಟಿನಿಂದಲೇ, ಕೆಲವು ವಾರಗಳಿಂದಲೇ, ಗಾಯ ಅಥವಾ ಕಜ್ಜಿ ವಾಸಿಯಾದ ಮೇಲೆಯೇ.

2. ಯಾವ ಜಾಗದಲ್ಲಿದೆ: ಮುಖ, ಎದೆ–ಬೆನ್ನು, ಕಣಕಾಲು, ಬೆರಳ ತುದಿ, ತುಟಿ.

3. ಬಣ್ಣ ಹೇಗಿದೆ: ಮಸುಕಾಗಿದೆಯೇ, ಅಚ್ಚ ಬಿಳಿಯೇ.

4. ಅಂಚು ಹೇಗಿದೆ: ಸುತ್ತಲಿನ ಚರ್ಮದೊಳಗೆ ಕರಗಿದಂತಿದೆಯೇ, ಗೆರೆ ಎಳೆದಂತೆ ಸ್ಪಷ್ಟವಾಗಿದೆಯೇ.

5. ಹೊಟ್ಟು ಇದೆಯೇ: ಉಗುರಿನಿಂದ ಮೆಲ್ಲಗೆ ಕೆರೆದರೆ ಪುಡಿ ಏಳುತ್ತದೆಯೇ, ನುಣುಪಾಗಿದೆಯೇ.

6. ಸ್ಪರ್ಶ ತಿಳಿಯುತ್ತದೆಯೇ: ಹತ್ತಿಯನ್ನು ಹೊಸೆದು ಬತ್ತಿಯ ತುದಿಯಂತೆ ಚೂಪಾಗಿ ಮಾಡಿಕೊಳ್ಳಬೇಕು. ನೋಡಿಸಿಕೊಳ್ಳುವವರು ಕಣ್ಣು ಮುಚ್ಚಬೇಕು. ಮೊದಲು ಚೆನ್ನಾಗಿರುವ ಚರ್ಮಕ್ಕೆ, ಆಮೇಲೆ ಮಚ್ಚೆಗೆ ಹತ್ತಿಯನ್ನು ಮೆಲ್ಲಗೆ ತಾಗಿಸಬೇಕು. ತಾಗಿದ ಜಾಗವನ್ನು ಅವರು ಬೆರಳಿನಿಂದ ತೋರಿಸಬೇಕು. ಸೂಜಿ, ಪಿನ್ನು ಬಳಸಬಾರದು.

ಇದು ರೋಗ ನಿರ್ಣಯ ಅಲ್ಲ. ವೈದ್ಯರ ಬಳಿ ಹೋದಾಗ ಸರಿಯಾದ ಉತ್ತರ ಕೊಡಲು ಮತ್ತು ಎಷ್ಟು ಬೇಗ ಹೋಗಬೇಕೆಂದು ತೀರ್ಮಾನಿಸಲು ಇದು ನೆರವು.

ಸಿಬ್ಬು

ಹದಿಹರೆಯದವರಲ್ಲಿ ಮತ್ತು ಯುವಕರಲ್ಲಿ ತೀರ ಸಾಮಾನ್ಯವಾದ ಕಾರಣ ಸಿಬ್ಬು. ಎದೆ, ಬೆನ್ನು, ಕುತ್ತಿಗೆ, ಭುಜ, ತೋಳಿನ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಮಚ್ಚೆಗಳಾಗಿ ಶುರುವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಮಕ್ಕಳಲ್ಲಿ ಮುಖದ ಮೇಲೂ ಬರುತ್ತದೆ. ಬಣ್ಣ ಮಸುಕು ಬಿಳಿ. ಕೆಲವರಲ್ಲಿ ಕಂದು ಬಣ್ಣವೂ ಇರಬಹುದು. ಉಗುರಿನಿಂದ ಕೆರೆದರೆ ಹಿಟ್ಟಿನಂತಹ ಹೊಟ್ಟು ಏಳುತ್ತದೆ. ಬೆವರಿದಾಗ ಸ್ವಲ್ಪ ತುರಿಕೆ ಇರಬಹುದು.

ಇದಕ್ಕೆ ಕಾರಣ ಮಲಾಸೀಜಿಯಾ ಎಂಬ ಶಿಲೀಂಧ್ರ. ಇದು ಎಲ್ಲರ ಚರ್ಮದ ಮೇಲೂ ಇರುವಂಥದ್ದೇ. ಸೆಖೆ, ಬೆವರು, ಎಣ್ಣೆಜಿಡ್ಡು ಹೆಚ್ಚಾದಾಗ ಮಿತಿಮೀರಿ ಬೆಳೆಯುತ್ತದೆ. ಹಾಗಾಗಿ ಕರಾವಳಿಯ ತೇವದ ಹವೆಯಲ್ಲಿ, ದಿನವಿಡೀ ಬೆವರುವ ಕೆಲಸದಲ್ಲಿ, ಗಾಳಿಯಾಡದ ನೈಲಾನ್–ಪಾಲಿಯೆಸ್ಟರ್ ಬಟ್ಟೆ ತೊಡುವವರಲ್ಲಿ ಇದು ಜಾಸ್ತಿ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಕೊಳಕಿನಿಂದ ಬರುವುದೂ ಅಲ್ಲ.

ಚಿಕಿತ್ಸೆ ಸುಲಭ. ಕೀಟೊಕೊನಜೋಲ್ ಅಥವಾ ಸೆಲೆನಿಯಂ ಸಲ್ಫೈಡ್ ಇರುವ ಶಾಂಪೂವನ್ನು ಮಚ್ಚೆ ಇರುವ ಚರ್ಮಕ್ಕೆ ಹಚ್ಚಿ, ಕೆಲವು ನಿಮಿಷ ಬಿಟ್ಟು ತೊಳೆಯಲು ವೈದ್ಯರು ಹೇಳುತ್ತಾರೆ. ಮಚ್ಚೆ ಕಡಿಮೆ ಜಾಗದಲ್ಲಿದ್ದರೆ ಕ್ಲೋಟ್ರಿಮಜೋಲ್‌ನಂತಹ ಮುಲಾಮು ಸಾಕು. ಹೆಚ್ಚು ಹರಡಿದ್ದರೆ ಮಾತ್ರೆ ಬೇಕಾಗಬಹುದು. ಅದನ್ನು ವೈದ್ಯರೇ ಬರೆದುಕೊಡಬೇಕು.

ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ಶಿಲೀಂಧ್ರ ಸತ್ತರೂ ಚರ್ಮದ ಬಣ್ಣ ಮರಳಲು ಕೆಲವು ತಿಂಗಳೇ ಬೇಕು. ಬಿಳಿ ಹಾಗೇ ಇದೆಯೆಂದು ಔಷಧಿ ಬದಲಿಸುತ್ತಾ ಹೋಗುತ್ತಾರೆ. ಕೆರೆದಾಗ ಹೊಟ್ಟು ಬರದಿದ್ದರೆ ಔಷಧಿ ಕೆಲಸ ಮಾಡಿದೆ ಎಂದು ತಿಳಿಯಬಹುದು. ಮರುವರ್ಷದ ಸೆಖೆಗೆ ಸಿಬ್ಬು ಮತ್ತೆ ಬರುವುದೂ ಸಾಮಾನ್ಯ. ಪದೇ ಪದೇ ಬರುವವರು ಮೈಗೆ ಎಣ್ಣೆ ಹಚ್ಚುವುದನ್ನು ಕಡಿಮೆ ಮಾಡಿ, ಹತ್ತಿ ಬಟ್ಟೆ ತೊಟ್ಟು, ಬೆವರಿದ ಬಟ್ಟೆಯನ್ನು ಬೇಗ ಬದಲಿಸಿದರೆ ಅನುಕೂಲ.

ಮಕ್ಕಳ ಕೆನ್ನೆಯ ಮಸುಕು ಮಚ್ಚೆ

ಶಾಲೆಗೆ ಹೋಗುವ ಮಕ್ಕಳ ಕೆನ್ನೆಯ ಮೇಲೆ ನಾಣ್ಯದಷ್ಟಗಲದ, ಅಂಚು ಸ್ಪಷ್ಟವಿಲ್ಲದ, ಸ್ವಲ್ಪ ಒಣಗಿದ ಬಿಳಿ ಮಚ್ಚೆ ಕಂಡರೆ ಹೆಚ್ಚಾಗಿ ಅದು ಪಿಟಿರಿಯಾಸಿಸ್ ಆಲ್ಬಾ. ಬಾಯಿಯ ಸುತ್ತ, ಗಲ್ಲ, ತೋಳಿನ ಮೇಲೂ ಬರಬಹುದು. ಒಣ ಚರ್ಮದ ಮಕ್ಕಳಲ್ಲಿ, ಇಸುಬು, ಅಲರ್ಜಿ, ಉಬ್ಬಸ ಇರುವ ಮನೆಗಳ ಮಕ್ಕಳಲ್ಲಿ ಇದು ಹೆಚ್ಚು. ಬಿಸಿಲಿನಲ್ಲಿ ಆಡಿ ಮುಖ ಕಪ್ಪಾದಾಗ ಮಚ್ಚೆ ಎದ್ದು ಕಾಣುತ್ತದೆ.

ಇದನ್ನು ಕಂಡರೆ ಹೊಟ್ಟೆಯಲ್ಲಿ ಹುಳ ಇದೆ, ಕ್ಯಾಲ್ಸಿಯಂ ಕಡಿಮೆ ಇದೆ ಎಂದು ಹೇಳುವುದು ರೂಢಿ. ಜಂತುಹುಳದ ಮಾತ್ರೆಯನ್ನು ಮಕ್ಕಳಿಗೆ ಬೇರೆ ಕಾರಣಕ್ಕೆ ಕಾಲಕಾಲಕ್ಕೆ ಕೊಡುವುದು ಒಳ್ಳೆಯದೇ. ಆದರೆ ಅದರಿಂದ ಈ ಮಚ್ಚೆ ಹೋಗುವುದಿಲ್ಲ. ಕ್ಯಾಲ್ಸಿಯಂಗೂ ಇದಕ್ಕೂ ನಂಟಿಲ್ಲ. ಮೃದುವಾದ ಸೋಪು, ಸ್ನಾನವಾದ ಕೂಡಲೇ ತೇವ ಉಳಿಸುವ ಕ್ರೀಮು ಅಥವಾ ಪೆಟ್ರೋಲಿಯಂ ಜೆಲ್ಲಿ, ಕಡು ಬಿಸಿಲಿನಿಂದ ರಕ್ಷಣೆ, ಇಷ್ಟೇ ಬಹುತೇಕ ಮಕ್ಕಳಿಗೆ ಸಾಕು. ತಿಂಗಳುಗಳಲ್ಲಿ, ಕೆಲವರಿಗೆ ಒಂದೆರಡು ವರ್ಷಗಳಲ್ಲಿ ತಾನೇ ಹೋಗುತ್ತದೆ. ಇದು ತೊನ್ನಾಗಿ ತಿರುಗುವುದಿಲ್ಲ.

ನಲವತ್ತು ದಾಟಿದವರ ಕೈಕಾಲಿನ ಬಿಳಿ ಚುಕ್ಕೆ

ಮುಂಗೈ ಮತ್ತು ಕಣಕಾಲಿನ ಮೇಲೆ ಸಾಸಿವೆಯಿಂದ ಉದ್ದಿನ ಕಾಳಿನಷ್ಟು ದೊಡ್ಡ, ನುಣುಪಾದ, ಪಿಂಗಾಣಿಯಂತೆ ಬೆಳ್ಳಗಿನ ಚುಕ್ಕೆಗಳು ಚೆದುರಿದಂತೆ ಕಾಣುತ್ತವೆ. ಇವುಗಳಿಗೆ ವೈದ್ಯರು ಕೊಡುವ ಹೆಸರು ಇಡಿಯೋಪಥಿಕ್ ಗಟೇಟ್ ಹೈಪೋಮೆಲನೋಸಿಸ್. ಹೆಸರು ದೊಡ್ಡದು, ವಿಷಯ ಚಿಕ್ಕದು. ವಯಸ್ಸು ಮತ್ತು ವರ್ಷಾನುಗಟ್ಟಲೆ ಬಿದ್ದ ಬಿಸಿಲಿನ ಗುರುತು ಇದು. ತಲೆಕೂದಲು ನರೆಯುವಂತೆ ಚರ್ಮವೂ ಅಲ್ಲಲ್ಲಿ ಬಣ್ಣ ಕಳೆದುಕೊಳ್ಳುತ್ತದೆ.

ಈ ಚುಕ್ಕೆಗಳ ಸಂಖ್ಯೆ ವಯಸ್ಸಾದಂತೆ ಹೆಚ್ಚಬಹುದು. ಆದರೆ ಒಂದೊಂದು ಚುಕ್ಕೆ ದೊಡ್ಡದಾಗಿ ಬೆಳೆಯುವುದಿಲ್ಲ, ಒಂದಕ್ಕೊಂದು ಕೂಡಿಕೊಳ್ಳುವುದೂ ಇಲ್ಲ. ನೋವು, ತುರಿಕೆ, ಅಂಟುವಿಕೆ ಯಾವುದೂ ಇಲ್ಲ. ಚಿಕಿತ್ಸೆ ಬೇಕಿಲ್ಲ. ಬಿಸಿಲಿಗೆ ಹೋಗುವಾಗ ತುಂಬುತೋಳಿನ ಬಟ್ಟೆ ತೊಟ್ಟರೆ ಹೊಸವು ಕಡಿಮೆಯಾಗಬಹುದು. ಮನೆಯ ಹಿರಿಯರು ಇದನ್ನೇ ತೊನ್ನೆಂದು ಭಾವಿಸಿ ಕೊರಗುವುದು ಉಂಟು. ಒಮ್ಮೆ ಚರ್ಮರೋಗ ತಜ್ಞರಿಗೆ ತೋರಿಸಿದರೆ ಆ ಕೊರಗು ಅಲ್ಲಿಗೇ ಮುಗಿಯುತ್ತದೆ.

ರವೆಯಂತಹ ಬಿಳಿ ಗುಳ್ಳೆ

ಕಣ್ಣಿನ ಸುತ್ತ, ಕೆನ್ನೆ, ಮೂಗಿನ ಮೇಲೆ ರವೆಯ ಕಾಳಿನಂತೆ ಗಟ್ಟಿಯಾಗಿ ಉಬ್ಬಿದ ಬಿಳಿ ಗುಳ್ಳೆಗಳಿಗೆ ಮಿಲಿಯಾ ಎನ್ನುತ್ತಾರೆ. ಇಲ್ಲಿ ಬಣ್ಣ ಕಡಿಮೆಯಾಗಿರುವುದಿಲ್ಲ. ಕೆರಟಿನ್ ಎಂಬ ಚರ್ಮದ ವಸ್ತು ಪುಟ್ಟ ಚೀಲದಂತೆ ಒಳಗೆ ಸಿಕ್ಕಿಕೊಂಡಿರುತ್ತದೆ. ಹಸುಗೂಸುಗಳಲ್ಲಿ ಇದು ತುಂಬ ಸಾಮಾನ್ಯ. ಕೆಲವು ವಾರಗಳಲ್ಲಿ ತಾನಾಗಿ ಉದುರಿಹೋಗುತ್ತದೆ. ಎಣ್ಣೆ ಹಚ್ಚಿ ತಿಕ್ಕುವುದು, ಹಿಸುಕುವುದು ಬೇಡ. ದೊಡ್ಡವರಲ್ಲಿ ಹೆಚ್ಚು ದಿನ ಉಳಿಯಬಹುದು. ಬೇಡವೆನಿಸಿದರೆ ತಜ್ಞರು ಶುದ್ಧ ಸೂಜಿಯಿಂದ ತೆಗೆಯುತ್ತಾರೆ. ಮನೆಯಲ್ಲಿ ಚುಚ್ಚಿದರೆ ಕೀವಾಗಿ ಕಲೆ ಉಳಿಯುತ್ತದೆ.

ಗಾಯ, ಮುಲಾಮು ಮತ್ತು ರಾಸಾಯನಿಕಗಳಿಂದ ಆಗುವ ಮಚ್ಚೆ

ಬಿಸಿ ಎಣ್ಣೆ ಸಿಡಿದ ಜಾಗ, ಕಜ್ಜಿ, ಇಸುಬು, ಸೋರಿಯಾಸಿಸ್ ವಾಸಿಯಾದ ಜಾಗ ಕೆಲಕಾಲ ಬಿಳಿಚಿಕೊಂಡಿರುತ್ತದೆ. ಸುಟ್ಟಗಾಯ ಆಳವಿಲ್ಲದಿದ್ದರೆ ಬಣ್ಣ ನಿಧಾನವಾಗಿ ಮರಳುತ್ತದೆ.

ಔಷಧಿ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಕೆಲವು ಮುಲಾಮುಗಳಲ್ಲಿ ಸ್ಟಿರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಮೂರನ್ನೂ ಬೆರೆಸಿರುತ್ತಾರೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುವುದರಿಂದ ಒಳ್ಳೆಯ ಔಷಧಿ ಎನಿಸುತ್ತದೆ. ಅದನ್ನೇ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಬಿಳಿಚುತ್ತದೆ, ಹುಳುಕಡ್ಡಿ ಇದ್ದರೆ ಒಳಗೊಳಗೇ ಹಬ್ಬುತ್ತದೆ. ಮುಖ ಬೆಳ್ಳಗಾಗಲೆಂದು ಇಂಥ ಮುಲಾಮು ಹಚ್ಚುವುದು ಇನ್ನೂ ಹಾನಿಕರ. ಸ್ಟಿರಾಯ್ಡ್ ಮುಲಾಮನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು, ಅವರು ಹೇಳಿದ ಅವಧಿ ಮೀರಿ ಹಚ್ಚಬಾರದು.

ಮೂರನೆಯದು ದಿನಬಳಕೆಯ ವಸ್ತುಗಳಲ್ಲಿರುವ ರಾಸಾಯನಿಕ. ಅಂಟಿಸುವ ಬಿಂದಿಯ ಅಂಟಿನಲ್ಲಿರುವ ಕೆಲವು ಫೀನಾಲ್ ಜಾತಿಯ ವಸ್ತುಗಳು ಹಣೆಯ ನಡುವೆ ಬಿಂದಿಯಷ್ಟೇ ಅಗಲದ ಬಿಳಿ ಮಚ್ಚೆ ಉಂಟುಮಾಡುತ್ತವೆ. ರಬ್ಬರ್ ಚಪ್ಪಲಿಯ ಪಟ್ಟಿ ತಾಗುವ ಪಾದದ ಮೇಲ್ಭಾಗದಲ್ಲಿ ಪಟ್ಟಿಯದೇ ಆಕಾರದ ಮಚ್ಚೆ ಕಾಣಬಹುದು. ಕೂದಲಿನ ಕಪ್ಪು ಬಣ್ಣ ಹಚ್ಚುವವರಿಗೆ ಹಣೆಯಂಚಿನಲ್ಲಿ, ಕಿವಿಯ ಹಿಂದೆ ಬರಬಹುದು. ಮಚ್ಚೆಯ ಆಕಾರವೇ ಕಾರಣವನ್ನು ಹೇಳಿಬಿಡುತ್ತದೆ. ಆ ವಸ್ತುವನ್ನು ಕೂಡಲೇ ನಿಲ್ಲಿಸಬೇಕು. ಬೇಗ ನಿಲ್ಲಿಸಿದಷ್ಟೂ ಬಣ್ಣ ಮರಳುವ ಸಾಧ್ಯತೆ ಹೆಚ್ಚು. ನಿಲ್ಲಿಸದಿದ್ದರೆ ಮಚ್ಚೆ ಬೇರೆ ಜಾಗಕ್ಕೂ ಹರಡಬಹುದು.

ಹುಟ್ಟಿನಿಂದ ಇರುವ ಮಚ್ಚೆ

ಹುಟ್ಟುವಾಗಲೇ ಅಥವಾ ಎಳೆಯ ವಯಸ್ಸಿನಲ್ಲೇ ಕಂಡ, ಮಗು ಬೆಳೆದಂತೆ ಅದೇ ಪ್ರಮಾಣದಲ್ಲಷ್ಟೇ ಬೆಳೆಯುವ ಒಂದೇ ಒಂದು ಮಸುಕು ಮಚ್ಚೆ ಸಾಮಾನ್ಯವಾಗಿ ನಿರುಪದ್ರವಿ. ಅದಕ್ಕೆ ಏನೂ ಮಾಡಬೇಕಾಗಿಲ್ಲ. ಆದರೆ ಎಲೆಯ ಆಕಾರದ ಇಂಥ ಮಚ್ಚೆಗಳು ಮೂರು ಅಥವಾ ಹೆಚ್ಚು ಇದ್ದರೆ, ಅದರಲ್ಲೂ ಮಗುವಿಗೆ ಫಿಟ್ಸ್ ಬಂದಿದ್ದರೆ ಅಥವಾ ಬೆಳವಣಿಗೆ ನಿಧಾನವಾಗಿದ್ದರೆ, ಮಕ್ಕಳ ತಜ್ಞರಿಗೆ ತಪ್ಪದೆ ತೋರಿಸಬೇಕು. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯ ಮೊದಲ ಗುರುತು ಹೀಗಿರುವುದುಂಟು.

ತೊನ್ನು

ತೊನ್ನಿನ ಮಚ್ಚೆ ಸುಣ್ಣದಂತೆ ಅಚ್ಚ ಬಿಳಿ. ಅಂಚು ಸ್ಪಷ್ಟ. ಹೊಟ್ಟು ಇರುವುದಿಲ್ಲ. ಸ್ಪರ್ಶ, ಬಿಸಿ, ತಂಪು ಎಲ್ಲವೂ ಎಂದಿನಂತೆ ತಿಳಿಯುತ್ತದೆ. ಕಣ್ಣು ಬಾಯಿಯ ಸುತ್ತ, ಬೆರಳ ತುದಿ, ಮೊಣಕೈ, ಮೊಣಕಾಲು, ಪಾದಗಳಲ್ಲಿ ಹೆಚ್ಚು. ಸಾಮಾನ್ಯವಾಗಿ ದೇಹದ ಎಡಬಲ ಎರಡೂ ಕಡೆ ಬರುತ್ತದೆ. ಮಚ್ಚೆಯೊಳಗಿನ ಕೂದಲೂ ಬೆಳ್ಳಗಾಗಬಹುದು. ಪ್ರಪಂಚದ ಜನಸಂಖ್ಯೆಯಲ್ಲಿ ಶೇಕಡ 0.5ರಿಂದ 2ರಷ್ಟು ಜನರಿಗೆ ತೊನ್ನು ಇದೆ ಎಂಬುದು ಅಂದಾಜು. ಸುಮಾರು ಅರ್ಧದಷ್ಟು ಜನರಲ್ಲಿ ಇದು 20 ವರ್ಷದೊಳಗೆ ಶುರುವಾಗುತ್ತದೆ.

ದೇಹದ ರೋಗನಿರೋಧಕ ಶಕ್ತಿ ತನ್ನದೇ ಬಣ್ಣದ ಕೋಶಗಳನ್ನು ಹೊರಗಿನವೆಂದು ತಪ್ಪಾಗಿ ತಿಳಿದು ನಾಶಮಾಡುವುದು ಇದರ ಮೂಲ. ಇದು ಅಂಟುರೋಗವಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಬಟ್ಟೆ ಹಂಚಿಕೊಂಡರೆ, ದಾಂಪತ್ಯದಿಂದ ಯಾರಿಗೂ ಬರುವುದಿಲ್ಲ. ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಇರುವುದುಂಟು. ಆದರೂ ತಂದೆ ಅಥವಾ ತಾಯಿಗೆ ತೊನ್ನಿದ್ದ ಮಾತ್ರಕ್ಕೆ ಮಕ್ಕಳಿಗೆ ಬಂದೇ ಬರುತ್ತದೆ ಎಂದಿಲ್ಲ. ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ.

ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಎಂಬ ಮಾತು ರಾಜ್ಯದ ಎಲ್ಲೆಡೆ ಇದೆ. ತಲೆತಲಾಂತರದಿಂದ ಮೀನು ಮುಟ್ಟದ ಜೈನ ಮನೆಗಳಲ್ಲೂ ತೊನ್ನು ಕಾಣಿಸಿಕೊಳ್ಳುತ್ತದೆ. ಆ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಹುಳಿ, ಮೊಸರು, ಉಪ್ಪು ಬಿಟ್ಟರೆ ಮಚ್ಚೆ ನಿಲ್ಲುತ್ತದೆ ಎಂಬುದಕ್ಕೂ ಆಧಾರವಿಲ್ಲ. ಕಂದಮೂಲ, ಸೊಪ್ಪು ಮೊದಲಾದವುಗಳಲ್ಲಿ ಮೊದಲೇ ನಿಯಮ ಇಟ್ಟುಕೊಂಡ ಮನೆಯವರು ಈ ಪಥ್ಯವನ್ನೂ ಸೇರಿಸಿಕೊಂಡರೆ ಬೆಳೆಯುವ ಮಕ್ಕಳಿಗೆ ಪೌಷ್ಟಿಕತೆ ಕಡಿಮೆಯಾಗುತ್ತದೆ, ಅಷ್ಟೇ. ಸಸ್ಯಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆ ಸಾಮಾನ್ಯವಾದ್ದರಿಂದ ವೈದ್ಯರು ಥೈರಾಯ್ಡ್ ಪರೀಕ್ಷೆಯ ಜೊತೆಗೆ ಅದನ್ನೂ ನೋಡಬಹುದು. ತೊನ್ನು ಇರುವವರಲ್ಲಿ ಥೈರಾಯ್ಡ್ ತೊಂದರೆ ಉಳಿದವರಿಗಿಂತ ಹೆಚ್ಚು ಎಂಬುದು ನಿಜ.

ತೊನ್ನಿಗೆ ಔಷಧಿಯೇ ಇಲ್ಲ ಎಂಬ ಮಾತೂ ಸರಿಯಲ್ಲ. ಸ್ಟಿರಾಯ್ಡ್ ಮತ್ತು ಟ್ಯಾಕ್ರೊಲಿಮಸ್ ಮುಲಾಮು, ನಿಗದಿತ ತರಂಗದ ನೇರಳಾತೀತ ಬೆಳಕಿನ ಚಿಕಿತ್ಸೆ, ವೇಗವಾಗಿ ಹರಡುವಾಗ ಕೊಡುವ ಮಾತ್ರೆ, ವರ್ಷದಷ್ಟು ಕಾಲ ಹೊಸ ಮಚ್ಚೆ ಬಾರದೆ ನಿಂತಿದ್ದರೆ ಚರ್ಮ ಅಥವಾ ಕೋಶಗಳ ಕಸಿ, ಇವೆಲ್ಲ ಇವೆ. ರುಕ್ಸೊಲಿಟಿನಿಬ್ ಎಂಬ ಮುಲಾಮಿಗೆ 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ತೊನ್ನಿನ ಚಿಕಿತ್ಸೆಗಾಗಿ ಒಪ್ಪಿಗೆ ಕೊಟ್ಟಿತು. ಮುಖದ ಮಚ್ಚೆ ಚೆನ್ನಾಗಿ ಸ್ಪಂದಿಸುತ್ತದೆ. ಬೆರಳ ತುದಿ, ತುಟಿಯ ಮಚ್ಚೆ ಕಷ್ಟ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಬೇಕು. ಸಣ್ಣದಿರುವಾಗಲೇ ಶುರುಮಾಡಿದವರಿಗೆ ಫಲ ಹೆಚ್ಚು. ಮುಚ್ಚಿಟ್ಟು ಕಳೆದ ವರ್ಷಗಳ ನಷ್ಟ ಇಲ್ಲೇ ಕಾಣುವುದು.

ಬಾಕುಚಿ ಅಥವಾ ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಕೂರುವ ಪದ್ಧತಿ ಹಳೆಯದು. ಆ ಬೀಜದಲ್ಲಿ ಬಿಸಿಲಿಗೆ ಚರ್ಮವನ್ನು ತೀಕ್ಷ್ಣಗೊಳಿಸುವ ಸೊರಾಲೆನ್ ಇರುವುದು ನಿಜ. ಪ್ರಮಾಣ ತಪ್ಪಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಗಾಯವಾದ ಜಾಗದಲ್ಲಿ ಹೊಸ ತೊನ್ನು ಹುಟ್ಟಬಹುದು. ವೈದ್ಯರ ಕಣ್ಗಾವಲಿಲ್ಲದೆ ಇದನ್ನು ಮಾಡಬಾರದು.

ತಡಮಾಡಬಾರದ ಮಚ್ಚೆ: ಕುಷ್ಠರೋಗ

ಮಸುಕು ಬಿಳಿ, ತೆಳು ಕೆಂಪು ಅಥವಾ ತಾಮ್ರದ ಬಣ್ಣದ ಮಚ್ಚೆ. ಅದರ ಮೇಲೆ ಹತ್ತಿ ತಾಗಿದರೆ ತಿಳಿಯುವುದಿಲ್ಲ. ಬೆವರು ಬರುವುದಿಲ್ಲ, ಕೂದಲು ಉದುರಿ ಒಣಗಿದಂತಿರುತ್ತದೆ. ತುರಿಕೆ ಇಲ್ಲ, ನೋವಿಲ್ಲ. ನೋವಿಲ್ಲದ ಕಾರಣಕ್ಕೇ ಜನ ಇದನ್ನು ಕಡೆಗಣಿಸುತ್ತಾರೆ. ಇದರ ಜೊತೆ ಕೈಕಾಲು ಜೋಮು ಹಿಡಿಯುವುದು, ಹಿಡಿತ ಸಡಿಲಾಗಿ ವಸ್ತು ಕೈಜಾರುವುದು, ಬಿಸಿ ಪಾತ್ರೆ ತಾಗಿದರೂ ತಿಳಿಯದೆ ಬೊಬ್ಬೆ ಬರುವುದು ಇದ್ದರೆ ನರಕ್ಕೆ ಪೆಟ್ಟಾಗಿದೆ ಎಂದು ಅರ್ಥ.

ಕುಷ್ಠರೋಗದ ರೋಗಾಣುವನ್ನು ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲಿ ಗುರುತಿಸಿದರು. ಅದು ಶಾಪವೂ ಅಲ್ಲ, ವಂಶದಿಂದ ಬರುವುದೂ ಅಲ್ಲ. ಚಿಕಿತ್ಸೆ ಪಡೆಯದ ರೋಗಿಯೊಡನೆ ಬಹುಕಾಲ ಹತ್ತಿರವಿದ್ದಾಗ ಮುಖ್ಯವಾಗಿ ಮೂಗು–ಬಾಯಿಯ ಹನಿಗಳ ಮೂಲಕ ಹರಡುತ್ತದೆ. ಬಹುಪಾಲು ಜನರ ದೇಹ ಅದನ್ನು ತಾನೇ ತಡೆಯುತ್ತದೆ. ಮಚ್ಚೆ ಕಾಣಲು ಸೋಂಕು ತಗುಲಿದ ಮೇಲೆ ಹಲವು ವರ್ಷಗಳೇ ಹಿಡಿಯಬಹುದು.

ಬಹುಔಷಧಿ ಚಿಕಿತ್ಸೆಯಿಂದ ಇದು ಪೂರ್ತಿ ವಾಸಿಯಾಗುತ್ತದೆ. ಅವಧಿ ರೋಗದ ಬಗೆಗೆ ತಕ್ಕಂತೆ 6 ತಿಂಗಳು ಅಥವಾ 12 ತಿಂಗಳು. ಔಷಧಿ ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಚಿಕಿತ್ಸೆ ಶುರುವಾದ ಸ್ವಲ್ಪ ಕಾಲದಲ್ಲೇ ರೋಗಿಯಿಂದ ಬೇರೆಯವರಿಗೆ ಹರಡುವುದು ನಿಲ್ಲುತ್ತದೆ. ಹಾಗಾಗಿ ಮನೆಯಿಂದ ದೂರ ಇಡುವ ಪ್ರಶ್ನೆಯೇ ಇಲ್ಲ. ಜೊತೆಯಲ್ಲಿರುವ ಮನೆಯವರನ್ನೂ ಪರೀಕ್ಷಿಸಿ ಮುಂಜಾಗ್ರತೆಯ ಔಷಧಿ ಕೊಡುತ್ತಾರೆ. ತಡಮಾಡಿದರೆ ಮಾತ್ರ ನರ ಹಾಳಾಗಿ ಬೆರಳು ಮಡಚಿಕೊಳ್ಳುವುದು, ಪಾದದಲ್ಲಿ ಮಾಯದ ಹುಣ್ಣು ಬರಬಹುದು. ಹಾಳಾದ ನರವನ್ನು ಔಷಧಿ ಮರಳಿ ತರಲಾರದು.

ಭಾರತದಲ್ಲಿ 2005ರ ಕೊನೆಗೆ ಕುಷ್ಠರೋಗದ ಪ್ರಮಾಣ 10,000 ಜನರಿಗೆ ಒಂದಕ್ಕಿಂತ ಕೆಳಗಿಳಿಯಿತು. ಆದರೆ ರೋಗ ಪೂರ್ತಿ ಹೋಗಿಲ್ಲ, ಹೊಸ ರೋಗಿಗಳು ಇಂದಿಗೂ ಸಿಗುತ್ತಿದ್ದಾರೆ. ಸುಸ್ಥಿತಿಯ ಮನೆಗೆ ಇದು ಬರುವುದಿಲ್ಲ ಎಂಬ ನಂಬಿಕೆಯೂ ತಪ್ಪು. ಮುಖದ ಮಚ್ಚೆಯಲ್ಲಿ ಮತ್ತು ಚಿಕ್ಕ ಮಕ್ಕಳಲ್ಲಿ ಸ್ಪರ್ಶ ಪರೀಕ್ಷೆ ಸ್ಪಷ್ಟವಾಗದೆ ಇರಬಹುದು. ಅನುಮಾನ ಇದ್ದರೆ ವೈದ್ಯರಿಗೇ ತೋರಿಸುವುದು ಸರಿ.

ರಾತ್ರಿ ಏನನ್ನೂ ಸೇವಿಸದ ನಿಯಮ ಇರುವವರು, ದಶಲಕ್ಷಣ ಅಥವಾ ಅಷ್ಟಾಹ್ನಿಕದಲ್ಲಿ ಉಪವಾಸ ಮಾಡುವವರು, ಜೆಲಟಿನ್ ಕವಚದ ಮಾತ್ರೆ ಬೇಡವೆನ್ನುವವರು ಅದನ್ನು ವೈದ್ಯರಿಗೆ ಮೊದಲ ದಿನವೇ ತಿಳಿಸಬೇಕು. ಸಮಯ ಹೊಂದಿಸಬಹುದೇ, ಬೇರೆ ರೂಪದ ಔಷಧಿ ಇದೆಯೇ ಎಂದು ಅವರು ಹೇಳುತ್ತಾರೆ. ಯಾರಿಗೂ ಹೇಳದೆ ನಡುವೆ ಮಾತ್ರೆ ನಿಲ್ಲಿಸಬಾರದು.

ಹೆಸರಿನ ಗೊಂದಲ ಮತ್ತು ಮದುವೆಯ ಮಾತು

ತೊನ್ನಿಗೆ ಶ್ವೇತಕುಷ್ಠ, ಬಿಳಿ ಕುಷ್ಠ ಎಂಬ ಹೆಸರೂ ಇದೆ. ಜನರ ಭಯದ ಬೇರು ಈ ಹೆಸರಿನಲ್ಲೇ ಇದೆ. ತೊನ್ನಿಗೂ ಕುಷ್ಠರೋಗಕ್ಕೂ ಯಾವ ಸಂಬಂಧವೂ ಇಲ್ಲ. ಒಂದು ರೋಗಾಣುವಿನಿಂದ ಬರುತ್ತದೆ, ಇನ್ನೊಂದರಲ್ಲಿ ರೋಗಾಣುವೇ ಇಲ್ಲ. ಒಂದರಲ್ಲಿ ಸ್ಪರ್ಶ ಹೋಗುತ್ತದೆ, ಇನ್ನೊಂದರಲ್ಲಿ ಹೋಗುವುದಿಲ್ಲ. ಶ್ವೇತಕುಷ್ಠ ಎಂಬ ಪದವನ್ನೇ ಬಿಡುವುದು ಒಳ್ಳೆಯದು.

ಸಂಬಂಧ ಕೂಡಿಸುವ ಹೊತ್ತಿನಲ್ಲಿ ಸಿಬ್ಬಿನ ಮಚ್ಚೆ, ಸುಟ್ಟ ಕಲೆ, ಹುಟ್ಟು ಮಚ್ಚೆ ಎಲ್ಲವೂ ಹಿಂದಿನ ಮಾತಿನಲ್ಲಿ ತೊನ್ನಾಗಿಬಿಡುತ್ತವೆ. ಚರ್ಮರೋಗ ತಜ್ಞರಿಂದ ಪರೀಕ್ಷೆ ಮಾಡಿಸಿ ರೋಗದ ಹೆಸರನ್ನು ಬರೆಸಿಟ್ಟುಕೊಂಡರೆ ಗಾಳಿಮಾತಿಗೆ ಉತ್ತರ ಕೈಯಲ್ಲಿರುತ್ತದೆ. ನಿಜವಾಗಿ ತೊನ್ನೇ ಇದ್ದರೆ ಎರಡೂ ಕಡೆಯ ಹಿರಿಯರ ಮುಂದೆ ಮೊದಲೇ ಹೇಳುವುದು ಕ್ಷೇಮ. ಮುಚ್ಚಿಟ್ಟ ಮಾತು ಮದುವೆಯಾದ ಮೇಲೆ ಹೊರಬಂದರೆ ನೋಯುವವರು ಹುಡುಗ ಹುಡುಗಿಯರೇ. ಕೇಳಿಸಿಕೊಳ್ಳುವ ಕಡೆಯವರೂ ಇದು ಅಂಟುವುದಿಲ್ಲ, ದುಡಿಮೆಗೂ ಸಂತಾನಕ್ಕೂ ಅಡ್ಡಿಯಿಲ್ಲ ಎಂಬುದನ್ನು ತಿಳಿದು ಮಾತಾಡಬೇಕು.

ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಕುಷ್ಠರೋಗ ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು. 2019ರಲ್ಲಿ ಸಂಸತ್ತು ತಿದ್ದುಪಡಿ ತಂದು ಅದನ್ನು ತೆಗೆದುಹಾಕಿತು. ವಾಸಿಯಾಗುವ ಕಾಯಿಲೆಯ ನೆಪದಲ್ಲಿ ಗಂಡನನ್ನಾಗಲಿ ಹೆಂಡತಿಯನ್ನಾಗಲಿ ಬಿಡಲು ಈಗ ಕಾನೂನಿನ ಬೆಂಬಲವಿಲ್ಲ. ಸಿದ್ಧಚಕ್ರ ಆರಾಧನೆಯ ಹೊತ್ತಿನಲ್ಲಿ ಕೇಳುವ ಶ್ರೀಪಾಲ–ಮೈನಾಸುಂದರಿಯ ಕಥೆ ಮನೆಮನೆಗೂ ಗೊತ್ತು. ಕುಷ್ಠ ಹಿಡಿದ ಗಂಡನನ್ನೂ ಅವನ ಜೊತೆಗಾರರನ್ನೂ ಮೈನಾಸುಂದರಿ ಹೇಸದೆ ಉಪಚರಿಸಿದಳು. ಅವಳ ಕಾಲದಲ್ಲಿ ಇಲ್ಲದಿದ್ದ ಔಷಧಿ ಈಗ ಊರಿನ ಆಸ್ಪತ್ರೆಯಲ್ಲೇ ಇದೆ.

ವೈದ್ಯರ ಬಳಿ ಯಾವಾಗ ಹೋಗಬೇಕು

ಸ್ಪರ್ಶ ತಿಳಿಯದ ಮಚ್ಚೆ, ಜೋಮು, ಕೈಕಾಲಿನ ಬಲ ಕಡಿಮೆಯಾಗುವುದು: ಆ ವಾರದಲ್ಲೇ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ದಾರಿ ತಿಳಿಯದವರಿಗೆ ಆಶಾ ಕಾರ್ಯಕರ್ತೆಯರು ನೆರವಾಗುತ್ತಾರೆ.

ಅಚ್ಚ ಬಿಳಿ, ಸ್ಪಷ್ಟ ಅಂಚಿನ, ದೊಡ್ಡದಾಗುತ್ತಿರುವ ಮಚ್ಚೆ: ಒಂದೆರಡು ವಾರದೊಳಗೆ ಚರ್ಮರೋಗ ತಜ್ಞರಿಗೆ. ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇರುತ್ತದೆ.

ಹೊಟ್ಟು ಏಳುವ ಮಚ್ಚೆ: ಬಿಡುವು ನೋಡಿಕೊಂಡು, ಆದರೆ ಸ್ವಂತ ಮುಲಾಮು ಹಚ್ಚುವ ಮೊದಲು.

ಜನನಾಂಗದ ಬಳಿ ತುರಿಕೆಯೊಂದಿಗೆ ಬಿಳಿಚಿದ ಚರ್ಮ: ಸಂಕೋಚಪಡದೆ ತೋರಿಸಬೇಕು. ಹೆಣ್ಣುಮಕ್ಕಳು ಇದನ್ನು ವರ್ಷಗಟ್ಟಲೆ ಹೇಳದೆ ಉಳಿಯುತ್ತಾರೆ. ಇಲ್ಲಿ ಬರುವ ಕೆಲವು ಚರ್ಮರೋಗಗಳಿಗೆ ಚಿಕಿತ್ಸೆ ಮತ್ತು ಕಾಲಕಾಲಕ್ಕೆ ಪರೀಕ್ಷೆ ಅಗತ್ಯ.

ಹೋಗುವಾಗ ಮಚ್ಚೆಯ ಫೋಟೋವನ್ನು ತಾರೀಖಿನೊಂದಿಗೆ ಮೊಬೈಲಿನಲ್ಲಿ ಇಟ್ಟುಕೊಂಡಿರಬೇಕು. ಈವರೆಗೆ ಹಚ್ಚಿದ ಮುಲಾಮುಗಳ ಟ್ಯೂಬು, ನಾಟಿ ಔಷಧಿಯ ಪೊಟ್ಟಣ ಎಲ್ಲವನ್ನೂ ಒಯ್ಯಬೇಕು. ಮಚ್ಚೆಯ ಮೇಲೆ ಪೌಡರು, ಕ್ರೀಮು ಹಚ್ಚಿಕೊಂಡು ಹೋಗಬಾರದು. ವೈದ್ಯರು ವುಡ್ಸ್ ದೀಪ ಎಂಬ ನೀಲಿ ಬೆಳಕಿನಲ್ಲಿ ನೋಡಬಹುದು, ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬಹುದು, ಬೇಕಾದರೆ ಚರ್ಮದ ಸಣ್ಣ ಚೂರು ತೆಗೆಯಬಹುದು. ಬಹುತೇಕ ಮಚ್ಚೆಗಳ ಹೆಸರು ಮೊದಲ ಭೇಟಿಯಲ್ಲೇ ತಿಳಿಯುತ್ತದೆ. ಪಥ್ಯ, ಮುಲಾಮು, ಚಿಂತೆ ಏನಿದ್ದರೂ ಆ ಹೆಸರು ತಿಳಿದ ಮೇಲೆ ಇರಲಿ.